ಮೂರನೇ ಸಾಲಿನ ಮೇಲಿಟ್ಟ ಕೈ

ಜನವರಿ ೧೧

ಗುಬ್ಬಿ,

ಇದರ ಜೊತೆ ಒಂದು ಪುಸ್ತಕ ಕಳಿಸಿದ್ದೇನೆ. ಶಾಲೆಯ ಎದುರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಇಂಗ್ಲಿಷಿನ ಸಣ್ಣ ಸಣ್ಣ ಜೋಕುಗಳು, ಒಟ್ಟು ಇನ್ನೂರು. ಒಂದೊಂದೂ ಮೂರು ನಾಲ್ಕು ಸಾಲು, ಅಷ್ಟೇ. ವ್ಯಾಕರಣದ ಪುಸ್ತಕ ಕಳಿಸಿದರೆ ನೀನು ಅದರ ಮೇಲೆ ಚಹಾದ ಲೋಟ ಇಡುತ್ತೀಯ ಎಂದು ಅನುಭವದಿಂದ ಗೊತ್ತಿರುವುದರಿಂದ ಇದನ್ನು ಆರಿಸಿದೆ.

ತೆರೆದು ನೋಡಿ ಗಾಬರಿಯಾಗಬೇಡ. ಎಡಪುಟದಲ್ಲಿ ಇಂಗ್ಲಿಷ್ ಇದೆ, ಬಲಪುಟದಲ್ಲಿ ಅದೇ ಜೋಕು ಚೀನೀ ಭಾಷೆಯಲ್ಲಿದೆ. ಇಂಗ್ಲಿಷ್ ಕಲಿಯುವ ಚೀನೀಯರಿಗೆಂದು ಮಾಡಿದ ಪುಸ್ತಕ. ನಮ್ಮ ಭಾಷೆಯದು ಹುಡುಕಿದೆ, ಇರಲಿಲ್ಲ. ಬಲಪುಟದ ಮೇಲೆ ಒಂದು ಹಾಳೆ ಮುಚ್ಚಿಕೊಂಡು ಓದು. ಅರ್ಧ ಪುಸ್ತಕ ದಂಡ ಎಂದುಕೊಂಡರಾಯಿತು.

ದಿನಕ್ಕೆ ಎರಡು ಜೋಕು. ತಿಳಿಯದ ಪದಕ್ಕೆ ಗೆರೆ ಎಳೆದು ನನಗೆ ಬರೆ. ನರ್ಸ್ ತರಬೇತಿಯ ಪ್ರವೇಶ ಪರೀಕ್ಷೆ ಮೇ ಒಂಬತ್ತಕ್ಕೆ. ಇಂಗ್ಲಿಷಿನಲ್ಲಿ ಎರಡು ಸಲ ಹೋಯಿತು. ಮೂರನೇ ಸಲವೂ ಹೋದರೆ ಮತ್ತೆ ಕೂರಲು ಬಿಡುವುದಿಲ್ಲ. ಹನ್ನೆರಡು ವರ್ಷ ವಾರ್ಡಿನ ನೆಲ ಒರೆಸಿದ್ದು ಸಾಕು.

ಬೆಳಗಿನ ಪಾಳಿಗೆ ಹೋಗುವಾಗ ಕಾಲುಚೀಲ ಹಾಕಿಕೋ.

ನಿನ್ನ
ಅಕ್ಕ

—

ಜನವರಿ ೨೯

ಅಕ್ಕಾ,

ಪುಸ್ತಕ ಬಂತು. ಚಹಾದ ಲೋಟ ಇನ್ನೂ ಇಟ್ಟಿಲ್ಲ, ಆಣೆ ಮಾಡಿ ಹೇಳ್ತೀನಿ.

ಏಳನೇ ಜೋಕು ಒಂದು ಸ್ವಲ್ಪ ಬಿಡಿಸಿ ಹೇಳು. ಒಬ್ಬ ಬೆಳಗ್ಗೆಯಿಂದ ಡಾಕ್ಟರ ಬಾಗಿಲಲ್ಲಿ ಕೂತಿದಾನೆ. ಡಾಕ್ಟರು ತಲೆ ಹಾಕಿ "ಬಿ ಪೇಷಂಟ್" ಅಂತಾರೆ. ಅವನು "ಅದಾಗೋಕೇ ಅಲ್ವಾ ಸ್ವಾಮಿ ಕಾಯ್ತಾ ಇರೋದು" ಅಂತಾನೆ. ಇದರಲ್ಲಿ ನಗೋದು ಎಲ್ಲಿ? ನಮ್ಮ ಆಸ್ಪತ್ರೇಲಿ ದಿನಾ ನಡೆಯೋದೇ ಇದು.

ನೀನು ದಂಡ ಅಂದ ಬಲಪುಟಕ್ಕೆ ಒಬ್ಬ ಗಿರಾಕಿ ಬಂದಿದಾನೆ ಅಕ್ಕ. ಹದಿನೈದು ದಿನದ ಹಿಂದೆ ಬಂದರಿನಿಂದ ಒಬ್ಬನನ್ನ ಸ್ಟ್ರೆಚರ್ ಮೇಲೆ ತಂದ್ರು. ಹಡಗಿನ ಬಡಗಿಯಂತೆ, ಚೀನಾದವನು, ಐವತ್ತರ ಮೇಲೆ ಇರಬಹುದು. ಮರದ ತೊಲೆ ಜಾರಿ ಬಲಗಾಲಿನ ಮೊಣಕಾಲಿನ ಕೆಳಗೆ ಬಿದ್ದು ಮೂಳೆ ಮುರಿದಿದೆ, ಚರ್ಮವೂ ಸೀಳಿದೆ. ಗಾಯ ಆರೋವರೆಗೂ ಪಟ್ಟಿ ಕಟ್ಟಿ ಮಲಗಿಸಿದಾರೆ. ಅವನ ಹಡಗು ಅವನನ್ನ ಬಿಟ್ಟು ಹೋಗಿಯೂ ಆಯ್ತು. ಹತ್ತನೇ ಹಾಸಿಗೆ. ನಮ್ಮ ಮಾತು ಒಂದಕ್ಷರ ಬರಲ್ಲ, ಇಂಗ್ಲಿಷೂ ಬರಲ್ಲ. ಒಂದು ವಾರ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ಗಂಜಿ ಹಾಗೇ ವಾಪಸ್ ಹೋಗ್ತಿತ್ತು.

ಮೊನ್ನೆ ಅವನ ಮಂಚದ ಪಕ್ಕದ ಕಿಟಕಿ ಒರೆಸ್ತಾ ಏಪ್ರನ್ ಜೇಬಿಂದ ಪುಸ್ತಕ ತೆಗೆದು ಕಿಟಕಿ ಕಟ್ಟೆ ಮೇಲೆ ಇಟ್ಟೆ. ತಿರುಗಿ ನೋಡ್ತೀನಿ, ಬಡಗಿ ಕತ್ತು ಎತ್ತಿ ಬಲಪುಟ ಓದ್ತಾ ಇದಾನೆ! ಹಸಿದವನು ಅನ್ನ ನೋಡೋ ಹಾಗೆ ನೋಡ್ತಿದ್ದ. ನಾನು ಎಡಪುಟ ಗಟ್ಟಿಯಾಗಿ ಓದಿದೆ. ನನ್ನ ಇಂಗ್ಲಿಷ್ ಕೇಳಿ ಅವನು ನಕ್ಕ. ಜೋಕಿಗೆ ಅಲ್ಲ, ನನಗೆ. ಆದ್ರೂ ನಕ್ಕನಲ್ಲ. ಆಮೇಲೆ ಗಂಜಿ ಕುಡಿದ.

ನಿನ್ನ
ಗುಬ್ಬಿ

—

ಫೆಬ್ರವರಿ ೬

ಗುಬ್ಬಿ,

ಏಳನೇ ಜೋಕಿನ ವಿವರಣೆ: "ಪೇಷಂಟ್" ಎಂಬ ಪದಕ್ಕೆ ರೋಗಿ ಎಂದೂ ಅರ್ಥ, ತಾಳ್ಮೆಯುಳ್ಳವನು ಎಂದೂ ಅರ್ಥ. ಡಾಕ್ಟರು "ತಾಳ್ಮೆಯಿಂದಿರು" ಎಂದರೆ ಅವನು "ನನ್ನ ರೋಗಿಯಾಗು" ಎಂದು ತಿಳಿಯುತ್ತಾನೆ. ಇದು ಶ್ಲೇಷೆ. ಬೇರೆ ಭಾಷೆಗೆ ತಂದರೆ ಉಳಿಯುವುದಿಲ್ಲ, ಆದ್ದರಿಂದ ನಿನ್ನ ಬಡಗಿಗೂ ಇದು ನಗು ತರಿಸಿರಲಾರದು.

ನೀನು ಗೆರೆ ಎಳೆದು ಕಳಿಸಿದ ಇಪ್ಪತ್ತು ಪದಗಳ ಅರ್ಥ ಈ ಹಾಳೆಯ ಹಿಂಬದಿಯಲ್ಲಿದೆ. "ಹರ್ಟ್ಸ್" ಎಂದರೆ ನೋಯುತ್ತದೆ. "ಟೇಕ್ ಇಟ್ ಆಫ್" ಎಂದರೆ ಬಿಚ್ಚು, ಕಳಚು. ಮೂರು ಪದ ಸೇರಿ ಒಂದೇ ಕ್ರಿಯೆ. ಬಿಡಿಬಿಡಿಯಾಗಿ ಅರ್ಥ ಹುಡುಕಬೇಡ.

ರೋಗಿಯ ಬಗ್ಗೆ ನಿನ್ನ ಕಾಳಜಿ ಸಂತೋಷವೇ. ಆದರೆ ಪರೀಕ್ಷೆಗೆ ಇರುವುದು ಎಡಪುಟ. ಅದು ನೆನಪಿರಲಿ.

ಅಕ್ಕ

—

ಫೆಬ್ರವರಿ ೨೫

ಅಕ್ಕಾ,

ನೀನು ಬಿಡಿಸಿ ಹೇಳಿದ ಮೇಲೆ ಆ ಜೋಕು ಅರ್ಥ ಆಯ್ತು, ನಗು ಮಾತ್ರ ಬರಲಿಲ್ಲ. ಬಡಗಿಗೂ ಬಂದಿರಲಿಲ್ಲ. ಬಲಪುಟದಲ್ಲಿ ಜೋಕು ನಾಲ್ಕೇ ಸಾಲು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹತ್ತು ಸಾಲು ವಿವರಣೆ. ಪಾಪ, ಬರೆದವರು ಯಾರೋ ನಿನ್ನ ಹಾಗೇ ಟೀಚರ್ ಇರಬೇಕು.

ಆದ್ರೆ ಕೇಳು. ನಾನು ಏನು ಮಾಡಿದೆ ಅಂದ್ರೆ, ಮೂಲೇಲಿದ್ದ ಸ್ಟೂಲ್ ಎಳ್ಕೊಂಡು ಕೂತೆ. ಆಕಳಿಸಿದೆ, ಗಡಿಯಾರ ನೋಡಿದೆ, ಮತ್ತೆ ಆಕಳಿಸಿದೆ. ಬಾಗಿಲಿಗೆ ಹೋಗಿ ಡಾಕ್ಟರ್ ಥರ ಮೂಗು ಮೇಲೆ ಮಾಡಿ ಬೆರಳು ತೋರಿಸಿದೆ, ಮತ್ತೆ ಓಡಿಬಂದು ಸ್ಟೂಲ್ ಮೇಲೆ ಕೂತು ಸೋತು ನೆಲಕ್ಕೆ ಬಿದ್ದೆ. ಬಡಗಿ ಒಬ್ಬನೇ ಅಲ್ಲ, ಒಂಬತ್ತನೇ ಹಾಸಿಗೆ ಅಜ್ಜ, ಹನ್ನೆರಡನೇ ಹಾಸಿಗೆ ಬಸ್ ಡ್ರೈವರು, ಎಲ್ಲಾ ಹೊಟ್ಟೆ ಹಿಡ್ಕೊಂಡು ನಕ್ರು. ಅಜ್ಜನ ಹೊಲಿಗೆ ಬಿಚ್ಚುತ್ತೆ ಅಂತ ಹೆಡ್ ಸಿಸ್ಟರ್ ಬಂದು ಬೈದ್ರು.

ಈಗ ದಿನಾ ಮಧ್ಯಾಹ್ನ ಒಂದು ಜೋಕು. ನಾನು ಎಡಕ್ಕೆ ಬೆರಳಿಡ್ತೀನಿ, ಅವನು ಬಲಕ್ಕೆ. ನಾನು ಒಂದು ಪದ ಓದಿ ನಟಿಸಿ ತೋರಿಸಿದ್ರೆ ಅವನು ಅದೇ ಪದ ಅವನ ಕಡೆ ಹುಡುಕಿ ತೋರಿಸ್ತಾನೆ. ಅರ್ಥ ತಪ್ಪಾಗಿ ನಟಿಸಿದ್ರೆ ಗೊತ್ತಾಗುತ್ತೆ ಅವನಿಗೆ! ಇಂಗ್ಲಿಷ್ ಬರದವನು ನನ್ನ ಇಂಗ್ಲಿಷ್ ತಿದ್ತಾನೆ ಅಕ್ಕ. ಅವನ ಬೆರಳು ನೋಡಬೇಕು ನೀನು. ಉಳಿ ತಾಗಿ ತಾಗಿ ಉಗುರೆಲ್ಲ ಕಪ್ಪು, ಆದ್ರೆ ಒಂದೊಂದು ಅಕ್ಷರದ ಮೇಲೆ ಇಡೋವಾಗ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಇಡ್ತಾನೆ. ನನಗೆ ಯಾವ ಟೀಚರೂ ಹೀಗೆ ಹೇಳಿಕೊಟ್ಟಿಲ್ಲ. (ನೀನು ಬಿಟ್ಟು ಅಂತ ಸೇರಿಸ್ಕೋ.)

ಇನ್ನೊಂದು ವಿಷಯ. ಇಲ್ಲಿ ರೋಗಿಗಳು ನರ್ಸುಗಳನ್ನ ಸಿಸ್ಟರ್ ಅಂತಾರೆ, ನನ್ನನ್ನ ತಂಗಿ ಅಂತಾರೆ. ಮಾತು ಒಂದೇ, ಅವರಿಗೆ ಟೋಪಿ, ನನಗೆ ಬಕೆಟ್. ಬಡಗಿಯೂ ಅದನ್ನ ಕೇಳಿ ಕಲ್ತುಬಿಟ್ಟಿದಾನೆ. ಬೆಳಗ್ಗೆ ಪಟ್ಟಿ ಬದಲಾಯಿಸೋ ಹೊತ್ತಿಗೆ ನಾನು ಅವನ ಭುಜ ಹಿಡ್ಕೊಂಡಿರ್ತೀನಿ. "ತಂಗ್, ತಂಗ್" ಅಂತಾನೆ. "ನೋಡೇ, ನಿನ್ನನ್ನೇ ಕರೀತಾನೆ" ಅಂತ ಸಿಸ್ಟರ್ ನಗ್ತಾರೆ. ಪೂರ್ತಿ ತಂಗಿ ಅನ್ನೋಕೆ ನಾಲಿಗೆ ಹೊರಳಲ್ಲ ಅವನಿಗೆ. ಅಷ್ಟು ದೂರದವನಿಗೆ ನಾನು ತಂಗಿ ಆದೆ ಅಂತ ಎಷ್ಟು ಖುಷಿ ಗೊತ್ತಾ!

ಗುಬ್ಬಿ

—

ಮಾರ್ಚ್ ೫

ಗುಬ್ಬಿ,

ನೀನು ಬರೆದದ್ದನ್ನು ಓದಿ ನಾನೂ ನಿನ್ನೆ ತರಗತಿಯಲ್ಲಿ ಒಂದು ಜೋಕು ಹೇಳಿದೆ. ನಲವತ್ತು ಮಕ್ಕಳು ನಲವತ್ತು ಕಂಬಗಳ ಹಾಗೆ ಕೂತಿದ್ದರು. ಆಮೇಲೆ ಅದರಲ್ಲಿರುವ ಶ್ಲೇಷೆಯನ್ನು ವಿವರಿಸಿದೆ. ಮುಂದಿನ ಬೆಂಚಿನವಳು ಅದನ್ನು ಬರೆದುಕೊಂಡು "ಮಿಸ್, ಇದು ಪರೀಕ್ಷೆಗೆ ಬರುತ್ತಾ?" ಎಂದಳು.

ಸ್ಟೂಲಿನಿಂದ ಬಿದ್ದೆ ಎಂದು ಬರೆದಿದ್ದೀಯಲ್ಲ, ನಿಜವಾಗಿಯೂ ಬಿದ್ದೆಯಾ? ಅದೂ ರೋಗಿಗಳ ಮುಂದೆ? ನನ್ನಿಂದ ಆಗುತ್ತಿರಲಿಲ್ಲ.

ನಿನ್ನ ಕಾಗದಗಳನ್ನು ಈಗ ಎರಡು ಸಲ ಓದುತ್ತೇನೆ.

ಅಕ್ಕ

—

ಮಾರ್ಚ್ ೨೩

ಅಕ್ಕಾ,

ಅವಸರದಲ್ಲಿ ಬರೀತಾ ಇದೀನಿ, ಅಕ್ಷರ ಸೊಟ್ಟಗಾದ್ರೆ ಬೈಬೇಡ.

ಬಡಗಿಯ ಗಾಯ ಆರಿತ್ತು, ಮೂಳೆ ಮಾತ್ರ ಸೊಟ್ಟಗೆ ಕೂಡ್ತಾ ಇತ್ತು. ಸೋಮವಾರ ಮತ್ತೆ ನೇರ ಮಾಡಿ, ತೊಡೆಯಿಂದ ಕಾಲ್ಬೆರಳ ತನಕ ಹೊಸ ಪ್ಲಾಸ್ಟರ್ ಹಾಕಿದ್ರು. ಮಂಗಳವಾರ ಬೆಳಗ್ಗೆ ಡಾಕ್ಟರ ರೌಂಡ್ಸ್ ಆಯ್ತು, ಎಲ್ಲ ಸರಿ ಅಂತ ಬರೆದು ಹೋದ್ರು. ಮಧ್ಯಾಹ್ನದಿಂದ ಶುರುಮಾಡಿದ. "ತಂಗ್, ತಂಗ್." ನಾನು ಹೋಗಿ ನಗ್ತಾ ನೀರು ಕೊಟ್ಟೆ. ಕುಡೀಲಿಲ್ಲ. ದಿಂಬು ಸರಿ ಮಾಡಿದೆ. ಮತ್ತೆ "ತಂಗ್." ಹನ್ನೆರಡನೇ ಹಾಸಿಗೆ ಡ್ರೈವರು "ತಂಗೀ, ನಿಮ್ಮಣ್ಣ ಕರೀತಾನೆ ನೋಡವ್ವಾ" ಅಂತ ತಮಾಷೆ ಮಾಡಿದ್ರು. ನಾನೂ ನಕ್ಕೆ.

ನಾಲ್ಕು ಗಂಟೆ, ನೋಡೋಕೆ ಬಂದ ಜನ ತುಂಬಿದ್ರು. ಬಡಗಿ ನನ್ನ ಏಪ್ರನ್ ಹಿಡಿದು ಎಳೆದ. ಜೇಬಿಂದ ಪುಸ್ತಕ ತಾನೇ ತೆಗೆದ. ಪುಟ ತಿರುವಿ ತಿರುವಿ ಒಂದು ಕಡೆ ನಿಲ್ಲಿಸಿದ. ಬೂಟಿನ ಜೋಕು. ನಿನಗೆ ನೆನಪಿರಲಿಕ್ಕಿಲ್ಲ, ಹೇಳ್ತೀನಿ. ಒಬ್ಬ ಕುಂಟ್ತಾ ಬರ್ತಾನೆ. "ಈ ಬೂಟಿಂದ ತುಂಬ ನೋವು" ಅಂತಾನೆ. ಗೆಳೆಯ "ಹಾಗಾದ್ರೆ ಬಿಚ್ಚು" ಅಂತಾನೆ. "ಹೇಗೆ ಬಿಚ್ಚಲಿ? ಬೂಟು ನನ್ನ ತಮ್ಮನ ಕಾಲಲ್ಲಿದೆ, ಒದ್ದಿದ್ದು ಅವನು." ಅಷ್ಟೇ ಜೋಕು.

ನಾವಿಬ್ಬರೂ ಹಿಂದಿನ ತಿಂಗಳೇ ಓದಿ ನಕ್ಕಿದ್ದ ಜೋಕು. ಇವತ್ತೂ ನಗಿಸೋಕೆ ತೆಗೆದ ಅಂದ್ಕೊಂಡೆ. ನಗೋಕೆ ಬಾಯಿ ತೆಗೆದೆ. ಅವನು ನಗಲಿಲ್ಲ. ಅಂಗೈ ಅಗಲ ಮಾಡಿ ಮೂರನೇ ಸಾಲಿನ ಮೇಲೆ ಇಟ್ಟು ಮುಚ್ಚಿಬಿಟ್ಟ. ಎಡಪುಟದಲ್ಲೂ ಮುಚ್ಚಿದ, ಬಲಪುಟದಲ್ಲೂ ಮುಚ್ಚಿದ. ಉಳಿದದ್ದು ಎರಡೇ ಸಾಲು. ಮೊದಲನೇ ಸಾಲಲ್ಲಿ ಒಂದು ಅಕ್ಷರದ ಮೇಲೆ ಬೆರಳಿಟ್ಟು, ನನ್ನ ಮುಖ ನೋಡಿ, ನಿಧಾನವಾಗಿ ಹೇಳಿದ: "ತಂಗ್."

ಎಡಕ್ಕೆ ನೋಡಿದೆ. ಅಲ್ಲಿದ್ದದ್ದು "ಹರ್ಟ್ಸ್."

ಅಕ್ಕ, ಅವನು ನನ್ನನ್ನ ಯಾವತ್ತೂ ತಂಗಿ ಅಂತ ಕರೆದಿರಲೇ ಇಲ್ಲ. ಒಂದು ತಿಂಗಳಿಂದ ಪಟ್ಟಿ ಬಿಚ್ಚೋವಾಗೆಲ್ಲ ನೋವು, ನೋವು ಅಂತಿದ್ದ. ನಾನು ಸಂತೋಷಪಡ್ತಾ ಇದ್ದೆ.

ಬೆರಳು ಎರಡನೇ ಸಾಲಿಗೆ ಬಂತು. "ಟೇಕ್ ಇಟ್ ಆಫ್." ಹೊದಿಕೆ ಎತ್ತಿ ನೋಡಿದೆ. ಪ್ಲಾಸ್ಟರಿನ ಹೊರಗೆ ಕಾಣೋ ಬೆರಳುಗಳು ಮೇಣದ ಹಾಗೆ ಬೆಳ್ಳಗಿದ್ವು. ಮುಟ್ಟಿದ್ರೆ ತಣ್ಣಗೆ. ಹೆಬ್ಬೆರಳು ಸ್ವಲ್ಪ ಎತ್ತಿದೆ ಅಷ್ಟೇ, ಅಷ್ಟು ಗಟ್ಟಿ ಮನುಷ್ಯನ ಕಣ್ಣಲ್ಲಿ ನೀರು ಸುರಿದುಬಿಡ್ತು.

ಹೆಡ್ ಸಿಸ್ಟರ್ ಹತ್ರ ಓಡಿದೆ. "ಹೊಸ ಪ್ಲಾಸ್ಟರ್ ಅಂದ್ರೆ ನೋಯುತ್ತೆ. ಮಾತ್ರೆ ಕೊಟ್ಟಾಗಿದೆ. ಜೋಕಿನ ಪುಸ್ತಕ ಹಿಡ್ಕೊಂಡು ಡಾಕ್ಟರನ್ನ ಕರೆಸ್ತೀಯಾ? ಹೋಗು, ಕೆಲಸ ನೋಡು" ಅಂದ್ರು. ನಾನು ಹೋಗಲಿಲ್ಲ. ಹೋದೆ, ಆದ್ರೆ ಡಾಕ್ಟರ ಕೋಣೆಗೆ ಹೋದೆ. ನನ್ನಂಥವಳು ಬಾಗಿಲು ತಟ್ಟೋ ಹಾಗಿಲ್ಲ, ಗೊತ್ತಲ್ಲ ನಿನಗೆ. ಡ್ಯೂಟಿ ಡಾಕ್ಟರು ಹೊಸಬರು, ಬೇರೆ ದೇಶದವರು, ನಮ್ಮ ಮಾತು ಬರಲ್ಲ. ಊಟದ ಡಬ್ಬಿ ಆಗ ತಾನೇ ಬಿಚ್ಚಿದ್ರು. ನನ್ನ ಕೈಲಿ ಬಕೆಟ್ ಹಾಗೇ ಇತ್ತು. ಎರಡು ಸಲ ಫೇಲಾದ ಇಂಗ್ಲಿಷ್ ಎಲ್ಲಿಂದ ತರಲಿ?

"ಸರ್, ಬೆಡ್ ಟೆನ್. ಹಿಸ್ ಟೋಸ್ ಆರ್ ಕೋಲ್ಡ್. ವೈಟ್. ಇಟ್ ಹರ್ಟ್ಸ್. ಟೇಕ್ ಇಟ್ ಆಫ್, ಸರ್."

ಅವರು ಚಮಚ ಡಬ್ಬಿ ಒಳಗೇ ಬಿಟ್ಟು ಎದ್ದು ಓಡಿದ್ರು. ನಾನು ಹಿಂದೆ ಓಡಿದೆ. ಬೆರಳು ಮುಟ್ಟಿ ನೋಡಿದವರೇ ಗರಗಸ ತರಿಸಿ ಪ್ಲಾಸ್ಟರನ್ನ ಮೇಲಿಂದ ಕೆಳಗಿನ ತನಕ ಸೀಳಿದ್ರು. ಒಳಗೆ ಕಾಲು ಊದಿ, ರಕ್ತ ಓಡೋಕೆ ಜಾಗವೇ ಇರಲಿಲ್ಲವಂತೆ. ಬಡಗಿ ಒಂದು ದೊಡ್ಡ ಉಸಿರು ಬಿಟ್ಟ ನೋಡು, ಅಂಥ ಉಸಿರು ನಾನು ಎಲ್ಲೂ ಕೇಳಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಒಂದೊಂದಾಗಿ ಕೆಂಪಾಯ್ತು. "ಇನ್ನೆರಡು ಗಂಟೆ ಹೋಗಿದ್ರೆ ಪಾದ ಹೋಗ್ತಿತ್ತು" ಅಂತ ಡಾಕ್ಟರು ಹೇಳಿದ್ದನ್ನ ಹೆಡ್ ಸಿಸ್ಟರ್ ಅವರೇ ನನಗೆ ಹೇಳಿದ್ರು. ಹೇಳಿ, ನನ್ನ ಕೈಲಿದ್ದ ಬಕೆಟ್ ಇಸ್ಕೊಂಡು ಕೆಳಗಿಟ್ರು.

ಎಲ್ಲರೂ ನನ್ನನ್ನ ಹೊಗಳ್ತಾರೆ. ಆದ್ರೆ ಯೋಚನೆ ಮಾಡಕ್ಕ, ಅಷ್ಟು ನೋವಲ್ಲಿ ಇನ್ನೂರು ಜೋಕಲ್ಲಿ ಒಂದನ್ನ ಹುಡುಕಿ, ನಗು ಬರೋ ಸಾಲನ್ನ ಮುಚ್ಚಬೇಕು ಅಂತ ಹೊಳೀತಲ್ಲ ಅವನಿಗೆ! ತಲೆ ಅಂದ್ರೆ ಅದು.

ಗುಬ್ಬಿ

—

ಮಾರ್ಚ್ ೩೦

ನನ್ನ ಗುಬ್ಬಿ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದೆ. ಮೂರನೇ ಸಾಲು ಮುಚ್ಚಿದ ಕಡೆಗೆ ಬಂದಾಗ ಕಾಗದವನ್ನು ಗಣಿತದ ಮೇಷ್ಟ್ರ ಕೈಗೆ ಕೊಟ್ಟೆ, ಉಳಿದದ್ದನ್ನು ಅವರು ಓದಿದರು. ಅವರ ಧ್ವನಿಯೂ ನೆಟ್ಟಗಿರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. "ಟೇಕ್ ಇಟ್ ಆಫ್" ಎಂದು ಬೋರ್ಡಿನ ಮೇಲೆ ಎಷ್ಟು ನೂರು ಸಲ ಬರೆದಿದ್ದೇನೋ. ಆ ಮೂರು ಪದ ಒಬ್ಬ ಮನುಷ್ಯನ ಕಾಲು ಉಳಿಸುವಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ. ಬಡಗಿಯ ತಲೆ ದೊಡ್ಡದು, ಒಪ್ಪಿದೆ. ಆದರೆ ಅವನು ಅದನ್ನು ತೋರಿಸಿದ್ದು ನಿನಗೆ. ನಾನು ಅಲ್ಲಿದ್ದಿದ್ದರೆ ಅವನ ಅಂಗೈ ಸರಿಸಿ ಮೂರನೇ ಸಾಲಿನ ಅರ್ಥ ಹೇಳುತ್ತಿದ್ದೆ.

ಇದನ್ನು ಬರೆದ ಮೇಲೆ ಇನ್ನೊಂದನ್ನು ಬರೆಯದೆ ಇರಲಾರೆ.

ನಿನಗೆ ಹದಿನೆಂಟಾದ ವರ್ಷ ನರ್ಸ್ ತರಬೇತಿ ಶಾಲೆಗೆ ಅರ್ಜಿ ಹಾಕಿದ್ದೆವು. ಆಗ ಪರೀಕ್ಷೆ ಇರಲಿಲ್ಲ. ಸೀಟು ಸಿಗಲಿಲ್ಲ ಎಂದು ನಾನು ಹೇಳಿದೆ. ಸಿಕ್ಕಿತ್ತು, ಗುಬ್ಬಿ. ಪತ್ರ ಬಂದಿತ್ತು. ಅಪ್ಪ ಅಮ್ಮ ಇಲ್ಲದ್ದರಿಂದ ನನ್ನ ಸಹಿ ಬೇಕಿತ್ತು, ನಾನು ಹಾಕಲಿಲ್ಲ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ನೀನು ಸೋತು ಅಳುತ್ತಾ ಬರುತ್ತೀಯ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಇಂಗ್ಲಿಷ್ ಟೀಚರ ತಂಗಿ ಇಂಗ್ಲಿಷಿನಲ್ಲಿ ಸೋತಳು ಎಂದು ಜನ ಆಡಿಕೊಳ್ಳುತ್ತಾರಲ್ಲ ಎಂಬ ಹೆದರಿಕೆ ನನಗಿತ್ತು. ನನ್ನ ಮರ್ಯಾದೆಗೆ ನಿನ್ನ ಹನ್ನೆರಡು ವರ್ಷ ಹೋಯಿತು.

ಕ್ಷಮಿಸು ಎನ್ನಲು ಬಾಯಿ ಬರುವುದಿಲ್ಲ. ತಿಳಿದುಕೊಳ್ಳುವುದು ನಿನ್ನ ಹಕ್ಕು ಎಂದು ಬರೆದೆ.

ಅಕ್ಕ

—

ಏಪ್ರಿಲ್ ೨೮

ಗುಬ್ಬಿ,

ನಿನ್ನ ಕಾಗದ ಬಂದಿಲ್ಲ. ಬರೆಯಬೇಕೆಂದು ಕೇಳುವುದಿಲ್ಲ.

ಪರೀಕ್ಷೆಗೆ ಹನ್ನೊಂದು ದಿನ ಇದೆ. ಪ್ರಬಂಧಕ್ಕೆ ಮೊದಲು ಕೈ ಹಾಕಬೇಡ, ಸಣ್ಣ ಪ್ರಶ್ನೆಗಳನ್ನು ಮುಗಿಸು. ಒಂದು ಪದ ತಿಳಿಯದಿದ್ದರೆ ಅಲ್ಲೇ ನಿಲ್ಲಬೇಡ, ಅದರ ಅಕ್ಕಪಕ್ಕ ನೋಡು. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಎರಡು ಪೆನ್ನು ತೆಗೆದುಕೊಂಡು ಹೋಗು.

ಅಕ್ಕ

—

ಜೂನ್ ೧೮

ಅಕ್ಕಾ,

ನಿನಗೆ ಎಷ್ಟು ಕಾಗದ ಬರೆದು ಹರಿದೆ ಅಂತ ಲೆಕ್ಕ ಇಟ್ಟಿಲ್ಲ. ಕೆಲವು ನಾಲ್ಕು ಹಾಳೆ ಇದ್ವು. ಒಂದರಲ್ಲಿ ನಿನ್ನ ಹೆಸರು ಬಿಟ್ಟು ಏನೂ ಇರಲಿಲ್ಲ.

ಮೊದಲು ಸುದ್ದಿ. ಬಡಗಿ ಹೋದ ವಾರ ಹೋದ. ಅವನ ಕಂಪನಿಯವರು ಬಂದು ಕರ್ಕೊಂಡು ಹೋದ್ರು, ಊರಿಗೆ. ಹೋಗೋಕೆ ಎರಡು ದಿನ ಮುಂಚೆ ಊರುಗೋಲು ಹಿಡಿದು ವಾರ್ಡೆಲ್ಲ ಸುತ್ತಿದ. ಬಟ್ಟೆ ಕಪಾಟಿನ ಬಾಗಿಲು ಮುಚ್ಚೋಕೆ ಬರ್ತಿರಲಿಲ್ಲ, ನಾನು ದಿನಾ ಸೊಂಟದಿಂದ ತಳ್ತಿದ್ದೆ. ಅದನ್ನ ನೋಡ್ತಿದ್ದ ಅಂತ ಕಾಣುತ್ತೆ. ಕಾವಲುಗಾರನ ಹತ್ರ ಉಳಿ, ಉಜ್ಜುಗೊರಡು ತರಿಸಿ, ನೆಲದ ಮೇಲೆ ಕಾಲು ಚಾಚಿ ಕೂತು, ಬಾಗಿಲು ಬಿಚ್ಚಿ ಅಂಚು ಹೆರೆದ. ಹೆರೆಯೋದು, ಹೆಬ್ಬೆರಳಲ್ಲಿ ಸವರಿ ನೋಡೋದು, ಮತ್ತೆ ಹೆರೆಯೋದು. ಎರಡು ಗಂಟೆ. ರೋಗಿಗಳೆಲ್ಲ ಸುತ್ತ ನಿಂತು ನೋಡಿದ್ರು, ಡಾಕ್ಟರೂ ನಿಂತ್ರು. ಈಗ ಆ ಬಾಗಿಲು ಒಂದು ಬೆರಳಲ್ಲಿ ಮುಚ್ಚುತ್ತೆ. ಪುಸ್ತಕ ಅವನಿಗೇ ಕೊಟ್ಟುಬಿಟ್ಟೆ. ಗೇಟಿನ ತನಕ ಅವನೇ ನಡ್ಕೊಂಡು ಹೋದ ಅಕ್ಕ, ಎರಡು ಕಾಲಲ್ಲಿ. ನಾನು ಬಕೆಟ್ ಎತ್ಕೊಂಡು ಒಳಗೆ ಬಂದು ಚೆನ್ನಾಗಿ ಅತ್ತೆ.

ಪರೀಕ್ಷೆ ಫಲಿತಾಂಶ ನಿನ್ನೆ ಬಂತು. ಇಂಗ್ಲಿಷಿಗೆ ಬೇಕಾದದ್ದು ನಲವತ್ತು. ನನಗೆ ನಲವತ್ತೆರಡು. ಆ ಎರಡು ಹೆಚ್ಚಿಗೆ ಯಾಕೆ ಕೊಟ್ರೋ ಗೊತ್ತಿಲ್ಲ, ಎಲ್ಲೋ ತಪ್ಪಾಗಿರಬೇಕು. ಆಗಸ್ಟಲ್ಲಿ ತರಬೇತಿ ಶುರು. ಮೂವತ್ತು ವರ್ಷದವಳು ಹದಿನೆಂಟರವರ ಜೊತೆ ಬೆಂಚಲ್ಲಿ ಕೂರ್ತೀನಿ. ಅವರಲ್ಲಿ ಒಬ್ಬರಿಗೂ ಬೆಡ್‌ಪ್ಯಾನ್ ಹಿಡಿಯೋಕೆ ಬರಲ್ಲ ಅನ್ನೋದೊಂದೇ ಸಮಾಧಾನ.

ಈಗ ನಿನ್ನ ವಿಷಯ.

ನಿನ್ನ ಕಾಗದ ಓದಿದ ದಿನ ನನಗೆ ಮೊದಲು ನೆನಪಾದದ್ದು ಏನು ಗೊತ್ತಾ? ಸೀಟು ಸಿಗಲಿಲ್ಲ ಅಂತ ನೀನು ಹೇಳಿದ ಸಂಜೆ. ನಿನ್ನ ಮುಖ ಬಾಡಿಹೋಗಿತ್ತು. ಪಾಪ, ನನಗೋಸ್ಕರ ಇಷ್ಟು ನೊಂದ್ಕೊಂಡಿದಾಳಲ್ಲ ಅಂತ ನಾನೇ ನಿನಗೆ ಸಮಾಧಾನ ಮಾಡಿದೆ. ನಿನ್ನ ತಲೆ ಒತ್ತಿದೆ. "ಹೋಗ್ಲಿ ಬಿಡಕ್ಕ, ನನಗೆಲ್ಲಿ ಅಷ್ಟು ಬುದ್ಧಿ" ಅಂದೆ. ನೀನು ಸುಮ್ಮನಿದ್ದೆ. ಸೀಟಿಗಿಂತ ಅದೇ ಹೆಚ್ಚು ಸಿಟ್ಟು ಬರುತ್ತೆ ನನಗೆ. ಬುದ್ಧಿ ಇಲ್ಲ ಅಂದಾಗ ಇದೆ ಅನ್ನಬಹುದಿತ್ತು.

ಇನ್ನೊಂದು ಕಡೆ, ಅಮ್ಮ ಹೋದಾಗ ನನಗೆ ಆರು ವರ್ಷ, ನಿನಗೆ ಇಪ್ಪತ್ತು. ನೀನು ಏನೇನು ಬಿಟ್ಟೆ ಅಂತ ನಾನು ಯಾವತ್ತೂ ಕೇಳಿಲ್ಲ, ನೀನೂ ಹೇಳಿಲ್ಲ. ಈ ತಪ್ಪನ್ನೂ ನೀನು ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ನನ್ನನ್ನ ಹೊಗಳ್ತಾ ಹೊಗಳ್ತಾ ನಿನ್ನನ್ನೇ ಬಿಚ್ಚಿಟ್ಟೆಯಲ್ಲ, ಅಷ್ಟು ಧೈರ್ಯ ನಮ್ಮ ಆಸ್ಪತ್ರೇಲಿ ಯಾರಿಗೂ ಇಲ್ಲ. ಇದನ್ನ ಬರೆಯೋಕೆ ನನಗೆ ಇಷ್ಟವಿರಲಿಲ್ಲ. ಬರೆದಾಯ್ತು.

ಅಂದ್ರೆ ಸಿಟ್ಟು ಹೋಯ್ತು ಅಂತಲ್ಲ. ಹೋಗಿಲ್ಲ. ಆದ್ರೆ ಕಾಗದದಲ್ಲಿ ಬೈಯೋಕೆ ಆಗ್ತಿಲ್ಲ. ಎರಡು ಸಾಲು ಬೈದ ಮೇಲೆ ಮೂರನೇದಕ್ಕೆ "ಊಟ ಆಯ್ತಾ" ಅಂತ ಬಂದುಬಿಡುತ್ತೆ. ಎದುರಿಗೆ ಕೂತು, ಮುಖ ನೋಡ್ಕೊಂಡು, ಹನ್ನೆರಡು ವರ್ಷದ್ದನ್ನ ಒಂದೇ ಸಲ ಬೈಬೇಕು.

ಭಾನುವಾರ ನನಗೆ ರಜ. ಬೆಳಗಿನ ಬಸ್ಸಿಗೇ ಬಾ. ಮಧ್ಯಾಹ್ನದವರೆಗೂ ಬೈಸ್ಕೋ, ಆಮೇಲೆ ಊಟ ಮಾಡೋಣ.

ನಿನ್ನ
ಗುಬ್ಬಿ